ಆಘಾತ: ಒಂದು ಏಟಿನ ವಂಶಾವಳಿ

ಕನ್ನಡ ಪತ್ರಿಕೆಯ ಕ್ರೀಡಾಪುಟದಲ್ಲಿ ಮೊದಲ ಓವರಿಗೇ ವಿಕೆಟ್ ಬಿದ್ದರೆ ತಂಡಕ್ಕೆ ‘ಆರಂಭಿಕ ಆಘಾತ’. ವಾಣಿಜ್ಯಪುಟದಲ್ಲಿ ಸೆನ್ಸೆಕ್ಸ್ ಕುಸಿದರೆ ಹೂಡಿಕೆದಾರರಿಗೆ ಆಘಾತ. ಸ್ಥಳೀಯ ಸುದ್ದಿಯ ಪುಟದಲ್ಲಿ ಒಬ್ಬರಿಗೆ ಹೃದಯಾಘಾತ, ಪಕ್ಕದ ಕಾಲಂನಲ್ಲಿ ಹೆದ್ದಾರಿ ಅಪಘಾತ, ಅದರ ಕೆಳಗೆ ಒದ್ದೆ ಕಂಬ ಮುಟ್ಟಿದವನಿಗೆ ವಿದ್ಯುದಾಘಾತ. ಇಷ್ಟೆಲ್ಲ ದುಡಿದು ಸವೆದ ಪದಕ್ಕೆ ಈಚೆಗೆ ಇನ್ನೊಂದು ಕೆಲಸವನ್ನೂ ಹಚ್ಚಿದ್ದೇವೆ. ಇಂಗ್ಲಿಷಿನವರು ‘ಟ್ರಾಮಾ’ ಎನ್ನುವಲ್ಲಿ ನಾವು ‘ಆಘಾತ’ ಎನ್ನುತ್ತೇವೆ, ಬಹಳವೆಂದರೆ ಮುಂದೆ ‘ಮಾನಸಿಕ’ ಎಂದೊಂದು ವಿಶೇಷಣ ಅಂಟಿಸುತ್ತೇವೆ.

ಈ ಆಯ್ಕೆಯ ಬಗ್ಗೆ ನನಗೊಂದು ತಕರಾರಿದೆ. ಗ್ರೀಕಿನಲ್ಲಿ ‘ಟ್ರಾಮಾ’ ಎಂದರೆ ಗಾಯ. ಆಘಾತ ಎಂದರೆ ಏಟು. ಏಟು ಹೊರಗಿನಿಂದ ಬಂದು ಹೋಗುವಂಥದ್ದು, ಗಾಯ ಒಳಗೆ ಉಳಿಯುವಂಥದ್ದು. ನಮ್ಮ ಅನುವಾದಕರು ಉಳಿದದ್ದನ್ನು ಬಿಟ್ಟು ಹೋದದ್ದಕ್ಕೆ ಹೆಸರಿಟ್ಟರು. ಆದರೆ ಪದದ ಚರಿತ್ರೆಯನ್ನು ಹಿಡಿದು ಹಿಂದಕ್ಕೆ ನಡೆದರೆ ಅವರ ತಪ್ಪು ಅಷ್ಟು ದೊಡ್ಡದೇನಲ್ಲ ಅನ್ನಿಸುತ್ತದೆ. ಈ ಪದ ಎರಡು ಸಾವಿರ ವರ್ಷಗಳಿಂದ ಹೊರಗಿನಿಂದ ಒಳಕ್ಕೆ ನಡೆಯುತ್ತಲೇ ಇದೆ.

ಮೂಲ ಸಂಸ್ಕೃತದ ‘ಹನ್’ ಧಾತು: ಹೊಡೆ, ಕೊಲ್ಲು. ಹತ, ಹತ್ಯೆ, ಹಂತಕ, ಘಾತ, ಘಾತುಕ ಎಲ್ಲ ಅದರ ಸಂತಾನ. ‘ಆ’ ಎಂಬ ಉಪಸರ್ಗ ಸೇರಿದಾಗ ಅದು ಮೇಲೆ ಬಂದೆರಗುವ ಏಟಾಗುತ್ತದೆ. ಸಂಸ್ಕೃತ ನಿಘಂಟುಗಳು ‘ಆಘಾತ’ಕ್ಕೆ ವಧಾಸ್ಥಾನ ಎಂಬ ಅರ್ಥವನ್ನೂ ಕೊಡುತ್ತವೆ. ಕ್ರಿಕೆಟ್ ವರದಿಗಾರರು ಒಮ್ಮೆ ಆ ಪುಟ ತೆರೆದು ನೋಡಬೇಕು.

ಇದೇ ಮನೆತನದ ಇನ್ನೊಂದು ಪದ ‘ಉಪಘಾತ’. ಅದರ ಜಾಡು ಹಿಡಿಯಲು ಮುಂಬೈಯ ಪಶ್ಚಿಮ ರೈಲ್ವೆಯಲ್ಲಿ ವಿರಾರ್ ಕಡೆಗೆ ಹೊರಡಬೇಕು. ನಾಲಾಸೋಪಾರಾ ಎಂದರೆ ಇವತ್ತು ಬೆಳಗಿನ ಲೋಕಲ್ಲಿನ ನೂಕುನುಗ್ಗಲಷ್ಟೇ ನೆನಪಾಗುತ್ತದೆ. ಅದು ಹಿಂದಿನ ಶೂರ್ಪಾರಕ ಬಂದರು. 1882ರಲ್ಲಿ ಪುರಾತತ್ವಜ್ಞ ಭಗವಾನ್‌ಲಾಲ್ ಇಂದ್ರಜಿ ಅಲ್ಲಿ ಅಶೋಕನ ಎಂಟನೆಯ ಶಿಲಾಶಾಸನದ ತುಂಡೊಂದನ್ನು ಪತ್ತೆಹಚ್ಚಿದರು. ‘ಉಪಘಾತ’ ಬರುವ ಹದಿಮೂರನೆಯ ಶಾಸನ ಅಲ್ಲಿ ಸಿಕ್ಕಿಲ್ಲ, ಬೇರೆ ಕಡೆಯ ಬಂಡೆಗಳ ಮೇಲೆ ಉಳಿದಿದೆ. ಕಳಿಂಗ ಯುದ್ಧದಲ್ಲಿ ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಸಾಗಿಸಲಾಯಿತು ಎಂದು ಲೆಕ್ಕ ಹೇಳುವ ಶಾಸನ ಅದು. ಲೆಕ್ಕ ಹೇಳಿ ಸುಮ್ಮನಾಗುವುದಿಲ್ಲ. ಯುದ್ಧ ಮೈಗೆ ತಾಗದೆ ಉಳಿದವರೂ ಇದ್ದಾರಲ್ಲ, ಅವರ ಗೆಳೆಯರಿಗೆ, ನೆಂಟರಿಗೆ ಕೇಡು ಬಂದರೆ ಅದು ಇವರಿಗೂ ಉಪಘಾತವೇ ಎನ್ನುತ್ತದೆ. ತನಗೆ ಏಟು ಬೀಳದಿದ್ದರೂ ಗಾಯವಾಗಬಹುದು ಎಂಬ ಮಾತನ್ನು ಕ್ರಿಸ್ತಪೂರ್ವ ಮೂರನೆಯ ಶತಮಾನದ ಒಬ್ಬ ಅರಸ ಕಲ್ಲಿನಲ್ಲಿ ಕೊರೆಸಿದ. ಆ ಕೊಲೆಗಳನ್ನು ಮಾಡಿಸಿದವನೂ ಅವನೇ ಎಂಬುದನ್ನು ಮರೆಯಬೇಕಾಗಿಲ್ಲ.

ಪಾಳಿ ಭಾಷೆಗೆ ಬಂದಾಗ ‘ಆಘಾತ’ ಪೂರ್ತಿ ಒಳಗೆ ಇಳಿದುಬಿಟ್ಟಿತು. ಅಲ್ಲಿ ಅದರ ಅರ್ಥ ಏಟಲ್ಲ, ಏಟು ತಿಂದವನ ಎದೆಯಲ್ಲಿ ಉಳಿಯುವ ಹಗೆ, ಕುದಿತ. ಬೌದ್ಧರ ಅಂಗುತ್ತರ ನಿಕಾಯದ ಐದರ ವರ್ಗದಲ್ಲಿ ಈ ಆಘಾತವನ್ನು ಕಳೆಯುವ ಬಗೆ ಹೇಳುವ ಸುತ್ತವಿದೆ. ಮೈತ್ರಿ, ಕರುಣೆ, ಉಪೇಕ್ಷೆಗಳ ಜೊತೆಗೆ ನಾಲ್ಕನೆಯದಾಗಿ ಆ ಮನುಷ್ಯನತ್ತ ಗಮನವನ್ನೇ ಕೊಡದಿರುವುದು, ಐದನೆಯದಾಗಿ ಅವನು ಮಾಡಿದ್ದಕ್ಕೆ ಅವನೇ ಹೊಣೆ ಎಂದು ನೆನೆಯುವುದು. ಕ್ಷಮಿಸಲೇಬೇಕು ಎಂಬ ಒತ್ತಾಯವಿಲ್ಲದ ಈ ಪಟ್ಟಿ ನನಗೆ ಇಷ್ಟ. ಬೊರಿವಲಿಯ ಕಾಡಿನ ಕಾನ್ಹೇರಿ ಗುಹೆಗಳಲ್ಲಿ ನೂರಾರು ವರ್ಷಗಳ ಉದ್ದಕ್ಕೂ ನೆಲೆಸಿಬಂದ ಭಿಕ್ಷುಗಳಿಗೆ ಇಂಥ ಪಾಠಗಳು ಹೊಸವಾಗಿರಲಾರವು.

ವೈದ್ಯರು ಈ ಪದವನ್ನು ಹಿಡಿದ ರೀತಿಯೇ ಬೇರೆ. ಪಕ್ಷಾಘಾತ ನಮಗೆಲ್ಲ ಗೊತ್ತು, ದೇಹದ ಒಂದು ಪಕ್ಕ ಬಿದ್ದುಹೋಗುವುದು. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಮೂತ್ರಾಘಾತ ಎಂಬ ರೋಗವಿದೆ, ಅದರಲ್ಲಿ ಹನ್ನೆರಡು ಬಗೆ. ಮೂತ್ರಕ್ಕೆ ಯಾರೂ ಹೊಡೆಯುವುದಿಲ್ಲವಷ್ಟೆ. ಇಲ್ಲಿ ಆಘಾತವೆಂದರೆ ತಡೆ, ಹರಿಯಬೇಕಾದದ್ದು ಹರಿಯದೆ ನಿಲ್ಲುವುದು. ಈ ಅರ್ಥವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ಗಾಯ. ಕನ್ನಡದ್ದೇ ಎಂದು ಕಾಣುವ ಈ ಪದವೂ ‘ಘಾತ’ದ ತದ್ಭವ. ಪ್ರಾಕೃತದಲ್ಲಿ ‘ಘಾಯ’ ಆಗಿ, ಮಹಾಪ್ರಾಣ ಕಳೆದುಕೊಂಡು ನಮ್ಮಲ್ಲಿಗೆ ಬಂತು. ಮರಾಠಿಯ ‘ಘಾವ’, ‘ಘಾಯಾಳ’, ಹಿಂದಿಯ ‘ಘಾಯಲ್’, ತೆಲುಗಿನ ‘ಗಾಯಮು’ ಎಲ್ಲ ಒಂದೇ ಬಸಿರಿನವು. ಸನ್ನಿ ಡಿಯೋಲ್‌ನನ್ನು ಇಟ್ಟುಕೊಂಡು ರಾಜ್‌ಕುಮಾರ್ ಸಂತೋಷಿ 1990ರಲ್ಲಿ ‘ಘಾಯಲ್’ ತೆಗೆದರು, 1996ರಲ್ಲಿ ‘ಘಾತಕ್’. ಗಾಯಗೊಂಡವನೇ ಆರು ವರ್ಷಗಳಲ್ಲಿ ಹೊಡೆಯುವವನಾದ. ಮುಂಬೈ ಸಿನಿಮಾ ಅರಿಯದೆಯೇ ಬರೆದ ವ್ಯುತ್ಪತ್ತಿ ಪಾಠವಿದು, ಮನಶ್ಶಾಸ್ತ್ರದ ಪಾಠವೂ ಹೌದು. ಮುಂಬೈಯ ಮರಾಠಿ ಸುದ್ದಿಯಲ್ಲಿ ಮನುಷ್ಯರು ‘ಜಖಮಿ’ ಆಗುತ್ತಾರೆ. ಫಾರ್ಸಿಯಿಂದ ಬಂದ ಅದೇ ‘ಜಖಂ’ ಕನ್ನಡದಲ್ಲಿ ಹೆಚ್ಚಾಗಿ ಬಸ್ಸಿಗೆ, ಲಾರಿಗೆ. ನಮ್ಮಲ್ಲಿ ವಾಹನ ಜಖಂ, ಮನುಷ್ಯನಿಗೆ ಗಾಯ. ಒಳ್ಳೆಯ ವಿಂಗಡಣೆ.

ತತ್ಸಮ ತದ್ಭವಗಳ ಹಂಗಿಲ್ಲದೆ ಕನ್ನಡ ತಾನೇ ಏನು ಹೇಳುತ್ತದೆ? ಅದಕ್ಕೆ ‘ಬಡಿ’ ಎಂಬ ಕ್ರಿಯಾಪದ ಸಾಕು. ಸಿಡಿಲು ಬಡಿದಂತೆ, ದಂಗುಬಡಿದು, ಗರ ಬಡಿದವರ ಹಾಗೆ. ‘ಗರ’ ಎಂದರೆ ಗ್ರಹ. ಕಣ್ಣು ತೆರೆದಿದೆ, ನೋಟವಿಲ್ಲ. ಕರೆದರೆ ಓಗೊಡುವುದಿಲ್ಲ, ಕೈಕಾಲು ತಣ್ಣಗೆ. ಮನೆಯಲ್ಲಿ ಸಾವಾದ ದಿನ ಮೂಲೆಯಲ್ಲಿ ಹೀಗೆ ಕೂತವರನ್ನು ಎಲ್ಲರೂ ಕಂಡಿದ್ದೇವೆ. ಆಪತ್ತು ಎದುರಾದಾಗ ಪ್ರಾಣಿ ಕಾದಾಡುತ್ತದೆ ಇಲ್ಲವೆ ಓಡುತ್ತದೆ, ಎರಡೂ ಆಗದಾಗ ಮರಗಟ್ಟಿ ನಿಲ್ಲುತ್ತದೆ ಎಂದು ಇವತ್ತಿನ ಚಿಕಿತ್ಸಕರು ವಿವರಿಸುವ ಮೂರನೆಯ ಸ್ಥಿತಿ ಇದೇ. ‘ಜಂಘಾಬಲ ಉಡುಗಿತು’ ಎನ್ನುತ್ತೇವೆ. ಜಂಘೆ ಎಂದರೆ ಮೊಣಕಾಲಿನ ಕೆಳಗಿನ ಕಾಲು. ಧೈರ್ಯ ಹೋಯಿತು ಎನ್ನಲು ಕನ್ನಡಿಗ ಕಾಲನ್ನು ಸಾಕ್ಷಿಗೆ ಕರೆಯುತ್ತಾನೆ. ಎದೆ ಝಲ್ಲೆನ್ನುತ್ತದೆ, ಗಂಟಲು ಕಟ್ಟುತ್ತದೆ, ಹೊಟ್ಟೆಯಲ್ಲಿ ಸಂಕಟವಾಗುತ್ತದೆ, ಮೈ ಜುಮ್ಮೆನ್ನುತ್ತದೆ. ಭಯಕ್ಕೆ ನಮ್ಮಲ್ಲಿ ದೇಹವನ್ನು ಬಿಟ್ಟು ಮಾತೇ ಇಲ್ಲ.

‘ಟ್ರಾಮಾ’ ಮಾಂಸದಿಂದ ಮನಸ್ಸಿಗೆ ದಾಟಿದ್ದು ಮಾತ್ರ ರೈಲಿನಲ್ಲಿ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ಗಾಡಿ ಹೊರಟಿತು. ಅಷ್ಟರಲ್ಲಿ ಇಂಗ್ಲೆಂಡಿನಲ್ಲಿ ರೈಲು ಅಪಘಾತಗಳು ಮಾಮೂಲಾಗಿದ್ದವು. ಮೈಮೇಲೆ ಗೀರೂ ಇಲ್ಲದೆ ಪಾರಾದವರು ತಿಂಗಳುಗಟ್ಟಲೆ ನಿದ್ದೆಗೆಟ್ಟು, ನಡುಗಿ, ಮರೆವಿಗೆ ಬಿದ್ದು ಕಂಪನಿಗಳ ಮೇಲೆ ಪರಿಹಾರದ ದಾವೆ ಹೂಡುತ್ತಿದ್ದರು. ಲಂಡನ್ನಿನ ಶಸ್ತ್ರವೈದ್ಯ ಜಾನ್ ಎರಿಕ್ ಎರಿಕ್ಸೆನ್ 1866ರಲ್ಲಿ ಇದರ ಮೇಲೆ ಪುಸ್ತಕವನ್ನೇ ಬರೆದ. ಬೆನ್ನುಹುರಿಗೆ ಬಿದ್ದ ಕಾಣದ ಪೆಟ್ಟು ಇದಕ್ಕೆ ಕಾರಣವೆಂದು ಅವನ ತೀರ್ಮಾನ. ಜನ ಅದಕ್ಕೆ ‘ರೈಲ್ವೆ ಸ್ಪೈನ್’ ಎಂದರು. 1889ರಲ್ಲಿ ಬರ್ಲಿನ್ನಿನ ಹರ್ಮನ್ ಓಪನ್‌ಹೈಮ್ ‘ಟ್ರಾಮ್ಯಾಟಿಕ್ ನ್ಯೂರೋಸಿಸ್’ ಎಂಬ ಹೆಸರನ್ನು ಚಲಾವಣೆಗೆ ತಂದ. ಅದೇ ವರ್ಷ ಪ್ಯಾರಿಸ್ಸಿನ ಪಿಯೇರ್ ಜನೆ, ತಾಳಲಾರದ ಅನುಭವಕ್ಕೆ ಸಿಕ್ಕ ಮನಸ್ಸು ತುಂಡಾಗುತ್ತದೆ, ಒಡೆದ ತುಂಡು ತನ್ನಷ್ಟಕ್ಕೆ ಬದುಕುತ್ತದೆ ಎಂದು ಬರೆದ. ಎರಡು ಮಹಾಯುದ್ಧಗಳು, ವಿಯೆಟ್ನಾಂ ಎಲ್ಲ ದಾಟಿ 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಪಿಟಿಎಸ್‌ಡಿ (ಪೋಸ್ಟ್ ಟ್ರಾಮ್ಯಾಟಿಕ್ ಸ್ಟ್ರೆಸ್ ಡಿಸಾರ್ಡರ್) ಎಂಬ ರೋಗನಾಮ ಅಚ್ಚಾಯಿತು.

ಮುಂಬೈಗೆ ಈ ಚರಿತ್ರೆ ದೂರದ್ದಲ್ಲ. ಇಲ್ಲಿನ ಉಪನಗರ ರೈಲು ಹಳಿಗಳ ಮೇಲೆ ಈಚಿನ ವರ್ಷಗಳಲ್ಲಿಯೂ ವರ್ಷಕ್ಕೆ ಎರಡು ಸಾವಿರಕ್ಕಿಂತ ಹೆಚ್ಚು ಜನ ಸಾಯುತ್ತಾರೆ. ಅದನ್ನು ಕಂಡವರ ಲೆಕ್ಕ ಯಾವ ದಫ್ತರಿನಲ್ಲೂ ಇಲ್ಲ. 2006ರ ಜುಲೈ 11ರ ಸಂಜೆ ಪಶ್ಚಿಮ ರೈಲ್ವೆಯ ಲೋಕಲ್‌ಗಳಲ್ಲಿ ಹನ್ನೊಂದು ನಿಮಿಷಗಳ ಒಳಗೆ ಏಳು ಬಾಂಬು ಸಿಡಿದವು. ನೂರೆಂಬತ್ತಕ್ಕೂ ಹೆಚ್ಚು ಮಂದಿ ಸತ್ತರು. ಮಾರನೆಯ ಬೆಳಿಗ್ಗೆ ಅದೇ ಹಳಿಯ ಮೇಲೆ ಅದೇ ಡಬ್ಬಿಗಳಲ್ಲಿ ಜನ ಕೆಲಸಕ್ಕೆ ಹೋದರು. ದೇಶವೆಲ್ಲ ‘ಮುಂಬೈ ಸ್ಪಿರಿಟ್’ ಎಂದು ಕೊಂಡಾಡಿತು. ಹೋಗದಿದ್ದರೆ ಸಂಬಳ ಕಡಿತ, ಬೇರೆ ದಾರಿಯಿರಲಿಲ್ಲ ಎಂಬ ಮಾತು ಆ ಕೊಂಡಾಟದಲ್ಲಿ ಕೇಳಿಸಲಿಲ್ಲ. ಆಘಾತವನ್ನು ಏಟು ಎಂದಷ್ಟೇ ತಿಳಿದರೆ ಆವತ್ತು ರಾತ್ರಿಗೇ ಅದು ಮುಗಿದಿತ್ತು. ಟಿಫಿನ್ ಡಬ್ಬಿಯೊಂದು ಸೀಟಿನ ಮೇಲೆ ಒಡೆಯನಿಲ್ಲದೆ ಕೂತಿದ್ದರೆ ಇಡೀ ಬೋಗಿ ಬೆವರುತ್ತಿದ್ದುದಕ್ಕೆ ಬೇರೆ ಹೆಸರು ಬೇಕು.

ಆ ಬೆವರಿನಿಂದಲೇ ಶುರುಮಾಡುವ ಚಿಕಿತ್ಸೆಗಳು ಈಗ ಈ ನಗರದಲ್ಲಿ ಸಿಗುತ್ತವೆ. ಅಮೆರಿಕದ ಪೀಟರ್ ಲೆವಿನ್ ರೂಪಿಸಿದ ‘ಸೊಮ್ಯಾಟಿಕ್ ಎಕ್ಸ್‌ಪೀರಿಯೆನ್ಸಿಂಗ್’ ಅಂಥದ್ದೊಂದು. ಏನಾಯಿತು ಹೇಳಿ ಎಂದು ಚಿಕಿತ್ಸಕ ಮೊದಲಿಗೇ ಕೆದಕುವುದಿಲ್ಲ. ಈಗ ಮೈಯಲ್ಲಿ ಎಲ್ಲಿ ಏನಾಗುತ್ತಿದೆ ಎಂದು ಕೇಳುತ್ತಾನೆ. ಎದೆ ಬಿಗಿದಿದೆಯೆ? ಇರಲಿ. ಬಿಗಿಯದೆ ಹಾಯಾಗಿರುವ ಜಾಗ ಯಾವುದು, ಅಂಗಾಲೆ, ಬೆನ್ನೆ? ಗಮನವನ್ನು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಸ್ವಲ್ಪ ಸ್ವಲ್ಪವೇ ಓಡಾಡಿಸುತ್ತಾ ಹೋಗುವುದು. ಓಡಬೇಕೆಂದು ಎದ್ದು ಓಡಲಾಗದೆ ನಿಂತ ಕಾಲು, ತಳ್ಳಬೇಕೆಂದು ಎತ್ತಲಾಗದೆ ಹೋದ ಕೈ ತಮ್ಮ ಅರ್ಧಕ್ಕೆ ನಿಂತ ಕೆಲಸವನ್ನು ನಿಧಾನವಾಗಿ ಮುಗಿಸಿಕೊಳ್ಳಲಿ ಎಂಬುದು ಇದರ ತರ್ಕ. ಮೂತ್ರಾಘಾತದಲ್ಲಿ ತಡೆಯನ್ನು ಕಂಡ ಸುಶ್ರುತ ಇದನ್ನು ಕೇಳಿದ್ದರೆ ಹುಬ್ಬೇರಿಸುತ್ತಿರಲಿಲ್ಲ.

ಮನಸ್ಸಿನ ಕಾಯಿಲೆಗೆ ದೇಹದ ಕಡೆಯಿಂದ ಬರುವ ಪ್ರಯೋಗ ಮುಂಬೈಗೆ ಹೊಸದೂ ಅಲ್ಲ. ಪರೇಲಿನ ಕೆಇಎಂ ಆಸ್ಪತ್ರೆಯ ಮನೋವೈದ್ಯ ಎನ್. ಎಸ್. ವಾಹಿಯಾ ಮತ್ತು ಸಂಗಡಿಗರು ಪತಂಜಲಿಯ ಯೋಗಸೂತ್ರಗಳನ್ನು ಆಧರಿಸಿದ ಚಿಕಿತ್ಸೆಯೊಂದನ್ನು ಕಟ್ಟಿದರು. ಅವರ ಬರಹ 1966ರಲ್ಲಿ ಬ್ರಿಟನ್ನಿನ ಮನೋವೈದ್ಯಕೀಯ ಪತ್ರಿಕೆಯಲ್ಲಿ ಬಂತು. ನ್ಯೂರೋಸಿಸ್, ಆತಂಕಗಳ ರೋಗಿಗಳಿಗೆ ಆಸನ, ಪ್ರಾಣಾಯಾಮ, ಪ್ರತ್ಯಾಹಾರ, ಧಾರಣ, ಧ್ಯಾನ. ಹೋಲಿಕೆಗಾಗಿ ಇನ್ನೊಂದು ಗುಂಪಿಗೆ ಆಸನದಂತೆ ಕಾಣುವ ಭಂಗಿ, ಪ್ರಾಣಾಯಾಮದಂತೆ ಕಾಣುವ ಉಸಿರಾಟವನ್ನಷ್ಟೇ ಕೊಟ್ಟು ನೋಡಿದರು. ಯೋಗವೆಂದ ಕೂಡಲೇ ಕೈಮುಗಿಯುವವರ ನಡುವೆ ಈ ಅನುಮಾನದ ಶಿಸ್ತು ನನಗೆ ದೊಡ್ಡದಾಗಿ ಕಾಣುತ್ತದೆ. ಅವರ ಸಂಗಡ ದುಡಿದ ಎಳೆಯರಲ್ಲಿ ಒಬ್ಬರಾದ ದಿಲೀಪ್ ಜೆಸ್ತೆ ಮುಂದೆ ಅಮೆರಿಕದ ಮನೋವೈದ್ಯರ ಸಂಘದ ಅಧ್ಯಕ್ಷರಾದರು. ಕೆಇಎಂನ ಆ ಕೆಲಸ ಟ್ರಾಮಾದ ಹೆಸರಿನಲ್ಲಿ ನಡೆದದ್ದಲ್ಲ. ಆ ಹೆಸರು ಆಗಿನ್ನೂ ಈ ಚಾಲ್ತಿಗೆ ಬಂದಿರಲಿಲ್ಲ. 1969ರಲ್ಲಿ ಎಸ್. ಎನ್. ಗೋಯೆಂಕಾ ಭಾರತದ ತಮ್ಮ ಮೊದಲ ವಿಪಶ್ಯನ ಶಿಬಿರ ನಡೆಸಿದ್ದೂ ಮುಂಬೈಯಲ್ಲೇ. ತಲೆಯಿಂದ ಪಾದದವರೆಗೆ ಅಂಗ ಅಂಗವಾಗಿ ಮೈಯ ಸಂವೇದನೆಗಳನ್ನು ನೋಡುವ ಸಾಧನೆ ಅದು. ಗೋರಾಯಿಯ ಪಗೋಡ ಅದರ ಗುರುತು. ಒಂದು ಎಚ್ಚರ: ಆಳದ ಗಾಯವಿದ್ದವರಿಗೆ ಹತ್ತು ದಿನ ಮೌನವಾಗಿ ಮೈಯೊಳಗೆ ಇಳಿಯುವುದು ಒಮ್ಮೊಮ್ಮೆ ಗಾಯವನ್ನು ಕೆರಳಿಸಬಹುದು. ವೈದ್ಯರನ್ನು ಕೇಳಿ ಹೋಗುವುದು ಮೇಲು.

ಇನ್ನೊಂದು ದಾರಿ ‘ಇಂಟರ್ನಲ್ ಫ್ಯಾಮಿಲಿ ಸಿಸ್ಟಮ್ಸ್’. ಕುಟುಂಬ ಚಿಕಿತ್ಸಕ ರಿಚರ್ಡ್ ಶ್ವಾರ್ಟ್ಸ್ 1980ರ ದಶಕದಲ್ಲಿ ಶಿಕಾಗೋದಲ್ಲಿ ಇದನ್ನು ಕಟ್ಟಿದ. ಒಬ್ಬನೊಳಗೆ ಒಂದು ಮನೆಯಷ್ಟು ಮಂದಿ ಇದ್ದಾರೆ, ಅವರೆಲ್ಲ ಅವನ ಮನಸ್ಸಿನ ‘ಪಾಲು’ಗಳು ಎಂಬುದು ಇದರ ನಂಬಿಕೆ. ನೋವು ಹೊತ್ತು ಕತ್ತಲ ಕೋಣೆ ಸೇರಿದ ಎಳೆಯರು. ಅವರು ಹೊರಗೆ ಬಾರದಂತೆ ದಿನವಿಡೀ ಮನೆ ನಿಭಾಯಿಸುವ ಯಜಮಾನರು. ಹೇಗೋ ನೋವು ಹೊರಬಿತ್ತೋ, ಕುಡಿತವೋ ಸಿಟ್ಟೋ ಮೊಬೈಲೋ ಸುರಿದು ಬೆಂಕಿ ಆರಿಸಲು ಓಡಿಬರುವವರು. ಇವರಲ್ಲಿ ಯಾರನ್ನೂ ಹೊರಗಟ್ಟುವುದಿಲ್ಲ. ನೀನು ಈ ಕೆಲಸ ಬಿಟ್ಟರೆ ಏನಾದೀತು ಎಂದು ನಿನಗೆ ಹೆದರಿಕೆ ಎಂದು ಒಬ್ಬೊಬ್ಬರನ್ನೂ ಕೇಳುವುದು. 2006ರ ಜುಲೈ 12ರಂದು ಲೋಕಲ್ ಹತ್ತಿದ್ದು ಈ ನಗರದೊಳಗಿನ ಯಜಮಾನ. ಅವನನ್ನು ಹೊಗಳಿದೆವು, ಒಳಕೋಣೆಯ ಬಾಗಿಲು ತಟ್ಟಲಿಲ್ಲ.

ಅಮೆರಿಕದಿಂದ ಬಂದ ಈ ಮಾತು ಕನ್ನಡದ ಬಾಯಿಗೆ ವಿಚಿತ್ರವೇನಲ್ಲ. ‘ಒಂದು ಮನಸ್ಸು ಹೋಗು ಅನ್ನುತ್ತೆ, ಇನ್ನೊಂದು ಮನಸ್ಸು ಬೇಡ ಅನ್ನುತ್ತೆ’ ಎಂದು ನಾವು ದಿನಾ ಆಡುತ್ತೇವೆ. ಕರಾವಳಿಯಿಂದ ಬಂದು ಮುಂಬೈಯಲ್ಲಿ ನೆಲೆಸಿದವರಿಗೆ ಮೈಮೇಲೆ ಬಂದ ದೈವದ ಜೊತೆ ಮಾತಾಡುವುದೂ, ನಿನಗೇನು ಬೇಕು ಎಂದು ವಿಚಾರಿಸುವುದೂ ಗೊತ್ತು. ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ದೈವದ ನುಡಿ ಊರಿನದು, ಇದು ಒಬ್ಬನೊಳಗಿನದು. ಯಶವಂತ ಚಿತ್ತಾಲರು 1979ರಲ್ಲಿ ‘ಶಿಕಾರಿ’ ಕಾದಂಬರಿ ಬರೆದಾಗ ಅವರ ಮುಂದೆ ಶ್ವಾರ್ಟ್ಸ್ ಇರಲಿಲ್ಲ. ಆದರೂ ಮುಂಬೈಯ ಕಂಪನಿಯೊಂದರ ಒಳಸಂಚಿಗೆ ಸಿಕ್ಕ ನಾಗಪ್ಪನ ಎದೆಯಲ್ಲಿ ಎಳವೆಯ ಭಯಗಳೇ ಮತ್ತೆ ಏಳುತ್ತವೆ.

ಪದದ ಮನೆತನಕ್ಕೆ ಮರಳಿದರೆ ಇಲ್ಲಿಗೂ ಒಬ್ಬ ದಾಯಾದಿ ಕಾಯುತ್ತಿದ್ದಾನೆ, ‘ಸಂಘಾತ’. ‘ಹನ್’ಗೆ ‘ಸಂ’ ಸೇರಿದಾಗ ಒಟ್ಟಿಗೆ ಬಡಿದು ಕೂಡಿಸಿದ್ದು, ಸಮೂಹ. ಗೀತೆಯ ಹದಿಮೂರನೆಯ ಅಧ್ಯಾಯದಲ್ಲಿ ಕ್ಷೇತ್ರವನ್ನು ಎಣಿಸುವಾಗ ಈ ಪದ ಬರುತ್ತದೆ. ದೇಹೇಂದ್ರಿಯಗಳ ಕೂಟ ಎಂದು ವ್ಯಾಖ್ಯಾನಕಾರರು ಅರ್ಥ ಹೇಳುತ್ತಾರೆ. ಸಾಂಖ್ಯರಂತೂ ಕೂಡಿ ಆದದ್ದೆಲ್ಲ ಇನ್ನೊಬ್ಬನಿಗಾಗಿ ಇರುತ್ತದೆ, ಆದ್ದರಿಂದ ಪುರುಷನಿದ್ದಾನೆ ಎಂದು ವಾದ ಹೂಡಿದರು. ಪಾಲುಗಳ ಹಿಂದೆ ಪಾಲಲ್ಲದ ಒಬ್ಬ ‘ಸೆಲ್ಫ್’ ಇದ್ದಾನೆ, ಅವನಿಗೆ ಯಾವ ಟ್ರಾಮಾವೂ ತಾಗುವುದಿಲ್ಲ ಎಂದು ಶ್ವಾರ್ಟ್ಸ್ ಹೇಳುವುದಕ್ಕೂ ಇದಕ್ಕೂ ಹತ್ತಿರದ ನೆಂಟಸ್ತನ ಕಾಣುತ್ತದೆ. ತಾಗದಿರುವುದಕ್ಕೂ ನಮ್ಮಲ್ಲಿ ಇದೇ ಧಾತುವಿನ ಪದವಿದೆ. ಹೊಡೆದು ಎಬ್ಬಿಸುವ ನಾದ ‘ಆಹತ’, ಹೊಡೆಯದೆ ಹುಟ್ಟುವುದು ‘ಅನಾಹತ’. ಹಠಯೋಗಿಗಳು ಎದೆಯ ಚಕ್ರಕ್ಕೆ ಆ ಹೆಸರನ್ನೇ ಇಟ್ಟರು, ಏಟು ಬೀಳದ ಜಾಗ. ಇದು ದರ್ಶನ. ಪ್ರಯೋಗಶಾಲೆಯ ಸಾಕ್ಷ್ಯವಲ್ಲ. ಶ್ವಾರ್ಟ್ಸನದೂ ಅಷ್ಟೇ ಎಂಬುದನ್ನು ಅವನ ಹಿಂಬಾಲಕರು ಮರೆಯುತ್ತಾರೆ.

ಸಾಕ್ಷ್ಯದ ಮಾತು ಬಂದದ್ದರಿಂದ ಹೇಳಿಬಿಡಬೇಕು. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಪಿಟಿಎಸ್‌ಡಿಗೆ ಶಿಫಾರಸು ಮಾಡಿದ್ದು ಟ್ರಾಮಾವನ್ನೇ ಗುರಿಯಾಗಿಟ್ಟ ಸಿಬಿಟಿಯನ್ನು (ಯೋಚನೆ, ನಡವಳಿಕೆಗಳನ್ನು ತಿದ್ದುವ ಚಿಕಿತ್ಸೆ) ಮತ್ತು ಕಣ್ಣುಗಳ ಚಲನೆಯನ್ನು ಬಳಸುವ ಇಎಂಡಿಆರ್ ಅನ್ನು. ಮೈಯಿಂದ ಶುರುಮಾಡುವ, ಪಾಲುಗಳ ಜೊತೆ ಮಾತಾಡುವ ಚಿಕಿತ್ಸೆಗಳ ಬಗ್ಗೆ ಅಧ್ಯಯನಗಳು ಇನ್ನೂ ಕಡಿಮೆ, ಇರುವವೂ ಸಣ್ಣವು. ಅವುಗಳಿಂದ ಗುಣ ಕಂಡವರಿದ್ದಾರೆ, ಅದು ಸುಳ್ಳಲ್ಲ. ಆದರೆ ಒಂದೆರಡು ವಾರಾಂತ್ಯದ ಕಾರ್ಯಾಗಾರ ಮುಗಿಸಿ ಇನ್‌ಸ್ಟಾಗ್ರಾಮಿನಲ್ಲಿ ‘ಟ್ರಾಮಾ ಹೀಲರ್’ ಎಂದು ಬರೆದುಕೊಳ್ಳುವವರ ಕೈಗೆ ಎದೆಯ ಬಾಗಿಲನ್ನು ಕೊಡಬಾರದು. ಚಿಕಿತ್ಸಕರ ಓದು, ತರಬೇತಿ, ಮೇಲ್ವಿಚಾರಣೆ ವಿಚಾರಿಸುವುದು ಅವಮಾನವಲ್ಲ. ಶುಲ್ಕವೂ ಹೋಟೆಲಿನ ಮಾಣಿಗೆ, ರಾಜ್ಯದ ಗಡಿಯಾಚೆಯಿಂದ ಬಂದ ಕಟ್ಟಡ ಕಾರ್ಮಿಕನಿಗೆ ಎಟಕುವಂಥದ್ದಲ್ಲ.

ಎಟಕದಿರುವುದು ಶುಲ್ಕವೊಂದೇ ಅಲ್ಲ. ಬಾಂದ್ರಾ, ಅಂಧೇರಿಗಳ ಚಿಕಿತ್ಸಾಕೋಣೆಗಳಲ್ಲಿ ಮಾತು ಹೆಚ್ಚಾಗಿ ಇಂಗ್ಲಿಷು, ಸ್ವಲ್ಪ ಹಿಂದಿ. ಮೈಯಲ್ಲಿ ಎಲ್ಲಿ ಏನಾಗುತ್ತಿದೆ ಎಂಬುದೇ ಚಿಕಿತ್ಸೆಯ ಮುಖ್ಯ ಪ್ರಶ್ನೆ. ಜಂಘಾಬಲ ಉಡುಗಿದವನು ಅದನ್ನು ಇಂಗ್ಲಿಷಿನಲ್ಲಿ ಹೇಳಹೊರಟರೆ ‘ಆಂಗ್ಸೈಟಿ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾನೆ. ಕಾಲು ಅಲ್ಲಿಗೆ ಬರುವುದೇ ಇಲ್ಲ. ಮಾಟುಂಗ, ಮುಲುಂಡ್, ಡೊಂಬಿವಲಿಗಳಲ್ಲಿರುವ ನಮ್ಮ ಕನ್ನಡ ಸಂಘಗಳು ಯಕ್ಷಗಾನಕ್ಕೆ, ಸನ್ಮಾನಕ್ಕೆ ಸಭಾಂಗಣ ಕೊಡುತ್ತವೆ. ತಿಂಗಳಿಗೊಂದು ಭಾನುವಾರ ಕನ್ನಡ ಬಲ್ಲ ಮನಶ್ಶಾಸ್ತ್ರಜ್ಞರನ್ನು ಒಂದು ಕೋಣೆಯಲ್ಲಿ ಕೂರಿಸುವುದು ಅವುಗಳಿಗೆ ಹೊರೆಯಾಗದು.

ಪದದ ಬಗ್ಗೆ ನನ್ನ ತೀರ್ಪು ಇಷ್ಟು: ‘ಆಘಾತ’ವನ್ನು ಅದು ಹುಟ್ಟಿದ ಏಟಿಗೇ ಬಿಡೋಣ. ಏಟು ಹೋದ ಮೇಲೆ ಉಳಿದದ್ದಕ್ಕೆ ‘ಗಾಯ’ ಎನ್ನೋಣ, ಬೇಕಿದ್ದರೆ ‘ಒಳಗಾಯ’. ಅದು ನಿಘಂಟಿಗೆ ಬರುವವರೆಗೆ ಗಾಯವಿದ್ದವರು ಕಾಯಬೇಕಿಲ್ಲ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರ್ 10ರಂದು ಶುರುವಾಯಿತು. ಸಂಖ್ಯೆ 14416. ಕರೆಗೆ ದುಡ್ಡಿಲ್ಲ, ಹಗಲೂ ರಾತ್ರಿಯೂ ತೆರೆದಿರುತ್ತದೆ, ಅದರ ಭಾಷೆಗಳಲ್ಲಿ ಕನ್ನಡವೂ ಒಂದು. ಮುಂಬೈಯಿಂದ ಕರೆ ಮಾಡಿದರೆ ಕನ್ನಡ ಬೇಕೆ ಎಂದು ಅವರು ಕೇಳುವವರೆಗೆ ಕಾಯಬೇಡಿ, ನೀವೇ ಕೇಳಿ.